ಮರಳಾಗ ಗೋಧಿ ಬೆಳೀತಾರಂದ್ರ ನಮ್ಮ ಹೊಲಕ್ಕ ಮೂರನೇ ಬೋರು ಹೊಡಸ್ಲೇನ್ರಿ?

ಮುಂಡರಗಿ ರೈತ:
ನಮ್ಮ ಕಾಕಾನ ಮಗ ಸೌದಿಯೊಳಗ ಡ್ರೈವರ್ ಅದಾನ್ರಿ, ಮೊನ್ನೆ ವಾದಿ ಅದ್ ದವಾಸಿರ್ ಕಡಿಂದ ವಿಡಿಯೋ ಕಳಿಸಿದ್ದ. ಸುತ್ತ ಬರೇ ಮರಳು, ನಡುವ ಹಚ್ಚಗ ದುಂಡನ ಹೊಲ, ಗಾಲಿ ಮ್ಯಾಲೆ ಉದ್ದನ ಪೈಪು ತಿರುಗ್ಕೋತ ನೀರು ಹೊಡೀತೈತಿ, ಎಲ್ಲಾ ನೆಲದಾಗಿನ ನೀರಂತ. ನಾನು 4 ಎಕರೆದಾಗ ಎರಡು ಬೋರು ಹೊಡಸೀನಿ, ಒಂದು 450 ಅಡಿಗೂ ಬರೇ ಧೂಳು, ಇನ್ನೊಂದು ಒಂದೂವರಿ ಇಂಚು ಇದ್ದದ್ದು ಡಿಸೆಂಬರಿಗೆ ನಿಂತ ಹೋತು, ಮೆಣಸಿನಗಿಡ ಕಾಯಿ ಸಮೇತ ಬಾಡಿದ್ವು. 900 ಅಡಿ ಹೋದ್ರ ಸಿಗತೈತೇನ್ರಿ?

ಗದಗದ ಹುಡುಗ:
ಅಣ್ಣಾರ, ಬ್ಯಾಡ್ರಿ. ಅಲ್ಲಿ ನೆಲದಡಿ ಮರಳುಗಲ್ಲು ಐತಿ, ಸ್ಪಂಜ್ ಇದ್ದಂಗ, ಸಾವಿರಾರು ವರ್ಷದ ಹಿಂದ ಅಲ್ಲಿ ಚಲೋ ಮಳಿ ಆಗ್ತಿದ್ದಾಗ ಇಂಗಿದ ನೀರು ಅದು. ನಮ್ಮಲ್ಲಿ ಗಟ್ಟಿ ಬಂಡಿಗಲ್ಲು, ನೀರು ಇರೂದು ಬಿರುಕಿನಾಗ ಅಷ್ಟ, ಆಳಕ್ಕ ಹೋದಂಗ ಆ ಬಿರುಕೂ ಕಡಿಮಿ ಆಕ್ಕೋತ ಹೋಗ್ತಾವು. ಮತ್ತ ಸೌದಿಯವ್ರಿಗೂ ಅದು ತಡೀಲಿಲ್ರಿ, 80ರ ದಶಕದಾಗ ಸರ್ಕಾರ ಚಲೋ ರೇಟ್ ಕೊಟ್ಟು ಗೋಧಿ ಬೆಳಸಿ ಹೊರದೇಶಕ್ಕೂ ಕಳಿಸ್ತು, ತಗದಷ್ಟು ನೀರು ತಿರುಗಿ ತುಂಬೂದಿಲ್ಲ ಅಂತ ಗೊತ್ತಾಗಿ 2008ರಿಂದ ಕಡಿಮಿ ಮಾಡ್ಕೋತ ಬಂದು 2016ಕ್ಕ ಖರೀದಿನ ನಿಲ್ಲಿಸ್ತು. ವರ್ಷಕ್ಕ ಸುಮಾರು 100 ಮಿಮೀ ಮಳಿ ಆಗೂ ದೇಶದಾಗ ತುಂಬೂದರ ಹೆಂಗ.

ನವಲಗುಂದದ ಅಕ್ಕ:
ತಮ್ಮಾ, ನೀರು ಸಿಕ್ರೂ ಸವಳು ಇದ್ರ ಇದ್ದ ಹೊಲಾನೂ ಹೋಗತೈತಿ. ನಮ್ಮ ಎರಿ ಹೊಲಕ್ಕ ಬೋರಿನ ಸವಳ ನೀರು ಮೂರು ವರ್ಷ ಬಿಟ್ವಿ, ಹೆಂಟಿ ಮ್ಯಾಲೆ ಬೆಳ್ಳಗ ಉಪ್ಪು ಎದ್ದಿತ್ತು, ಹಸಿ ಇದ್ದಾಗ ಕಾಲಿಗೆ ಮೆತ್ತೂದು, ಒಣಗಿದ್ರ ಗುದ್ದಲಿ ನಾಟಂಗಿಲ್ಲ, ಕಡ್ಲಿ ಗೇಣುದ್ದ ಬರೂದ್ರಾಗ ಎಲಿ ಅಂಚು ಸುಟ್ಟಂಗ ಆದ್ವು. ಈಗಿರೂ ಬೋರಿನ ನೀರು ಮೊದಲ ಟೆಸ್ಟ್ ಮಾಡಸು, ಇಸಿ, ಅಂದ್ರ ನೀರಾಗ ಉಪ್ಪು ಎಷ್ಟೈತಿ ಅಂತ ತೋರ್ಸೂ ಅಳತಿ, ಎಷ್ಟೈತಿ ಕೇಳು.
ಆಮ್ಯಾಲೆ ನಾವು ಕೃಷಿಹೊಂಡ ತಗಸಿದ್ವಿ. ಒಂದು ಎಕರೆಕ್ಕ ಒಂದಿಂಚು ನೀರು ನಿಲ್ಲಸಾಕ ಹತ್ರ ಹತ್ರ 1 ಲಕ್ಷ ಲೀಟರ್ ಬೇಕು, ಹೊಂಡದಾಗ ಅಷ್ಟು ಉಳದ್ರ ಕಡ್ಲಿ ಕಾಯಿ ಕಟ್ಟೂ ಮುಂದ ಸ್ಪ್ರಿಂಕ್ಲರ್ ಹಚ್ಚಿ ಒಂದ್ಸಲ ಕೊಡಬಹುದು, ಆ ಒಂದು ನೀರಿಗೆ ಕಾಳು ತುಂಬಿ ಬರ್ತಾವ. ಹೊಂಡದಕಿಂತ ಮೊದ್ಲು ಒಡ್ಡು ಹಾಕು, ಇಲ್ಲಾಂದ್ರ ಹೂಳ ತುಂಬತೈತಿ.

ಮುಂಡರಗಿ ರೈತ:
ಅಕ್ಕಾರ, ಹೆಂಟಿ ಮ್ಯಾಲಿನ ಬಿಳೇದು ನಮ್ಮ ಬೋರಿನ ಕಾಲುವಿ ಬದಿಗೂ ಐತ್ರಿ, ನಾ ಗೊಬ್ಬರ ಅಂತ ತಿಳ್ಕೊಂಡಿದ್ದೆ. ಬೋರು ಗಾಡಿಯವ್ರಿಗೆ ಬ್ಯಾಡಂತ ಫೋನ್ ಮಾಡೀನಿ. ಬಾಟ್ಲಿಯೊಳಗ ನೀರು ತುಂಬಿಟ್ಟೀನಿ, ಸೋಮವಾರ ಧಾರವಾಡ ಕೃಷಿ ವಿವಿಗೆ ಹೊಂಟೀನ್ರಿ.