ರಾಹುಕಾಲಕ್ಕೊಂದು ಇ-ಪೇಪರ್

"ಇದ್ರಲ್ಲಿ ಐಪಿಎಲ್ ಸ್ಕೋರ್ ಬರೋ ಹಾಗೆ ಮಾಡೋಣ ಮಗಾ" ಅಂದ ಸೀನ. ಡಬ್ಬ ಇನ್ನೂ ಬಿಚ್ಚೇ ಇಲ್ಲ.

"ಮಾಡ್ಬಹುದು" ಅಂದ್ಳು ಸುಮಾ, "ಓವರಿಗೊಂದ್ಸಲ ಬರತ್ತೆ."

ಗಿರಿ ಬೆಂಗಳೂರಿನ ಎಸ್‌ಪಿ ರೋಡ್ ಸುತ್ತಿ ಒಂದು ಇ-ಪೇಪರ್ ಡಿಸ್ಪ್ಲೇ, ಅಂದ್ರೆ ಕಾಗದದ ಥರ ಕಾಣೋ ಪರದೆ, ತಂದಿದ್ದ, 4.2 ಇಂಚಿಂದು, ಬಿಳಿ ಕಪ್ಪು ಕೆಂಪು ಮೂರು ಬಣ್ಣದ್ದು, ಅದನ್ನ ಓಡಿಸೋ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಕೊಟ್ಟ ದುಡ್ಡಿನ ಎಷ್ಟೋ ಪಟ್ಟು ಇದಕ್ಕೇ ಕೊಟ್ಟು ಬಂದಿದಾನೆ, ಅದನ್ನ ಅವರಮ್ಮನ ಹತ್ರ ಹೇಳ್ಬೇಡ್ರೋ ಅಂತ ಮೊದ್ಲೇ ನಮ್ ಕೈಲಿ ಆಣೆ ಹಾಕಿಸ್ಕೊಂಡಿದ್ದ. ಇಂಥ ಪರದೆ ಒಂದ್ಸಲ ಪೂರ್ತಿ ಬದಲಾಗಕ್ಕೆ 15 ಸೆಕೆಂಡ್ ಹತ್ರ ತಗೊಳತ್ತೆ, ಅದೂ ಸುಮ್ನೆ ಅಲ್ಲ, ಕಪ್ಪಾಗಿ ಬಿಳಿಯಾಗಿ ಕೆಂಪಾಗಿ ಮೈಮೇಲೆ ದೇವರು ಬಂದವರ ಥರ ಆಡಿ ಆಮೇಲೆ ಚಿತ್ರ ಬಿಡತ್ತೆ. ಹೀಗೆ ಬದಲಾಗೋದಕ್ಕೇ ರಿಫ್ರೆಶ್ ಅನ್ನೋದು. ಜೊತೆಗೆ ಎರಡು ರಿಫ್ರೆಶ್ ಮಧ್ಯೆ ಕಡಿಮೆ ಅಂದ್ರೂ 180 ಸೆಕೆಂಡ್ ಬಿಡಿ ಅಂತ ಮಾಡೋರೇ ಬರೆದಿರ್ತಾರೆ. ಸುಮಾ ಓವರ್ ಲೆಕ್ಕ ಹೇಳಿದ್ದು ಅದಕ್ಕೆ.

"ಹಂಗಾರ ಇದು ಸ್ಕ್ರೀನ್ ಹ್ಯಾಂಗಾತು?" ಅಂದ ಬಸು. ಅವನು ರಾಯಚೂರಿನೋನು, ಪ್ರಶ್ನೆ ಕೇಳಿದ್ರೆ ನೇರ ಬುಡಕ್ಕೇ ಕೇಳ್ತಾನೆ.

ಸುಮಾ ಎಂಬೆಡೆಡ್ ಕೆಲಸದೋಳು, ಅಂದ್ರೆ ಇಂಥ ಚಿಪ್ಪುಗಳಿಗೆ ಪ್ರೋಗ್ರಾಂ ಬರೆಯೋಳು, ಶುರು ಮಾಡಿದ್ಲು. ಒಳಗೆ ಕೂದಲೆಳೆ ದಪ್ಪದ ಸಣ್ಣ ಸಣ್ಣ ಗೋಲಿಗಳು, ಅದ್ರೊಳಗೆ ದ್ರವ, ದ್ರವದಲ್ಲಿ ಬಿಳಿ ಕಣ ಕಪ್ಪು ಕಣ. ಬಿಳಿ ಅಂದ್ರೆ ಟೈಟಾನಿಯಂ ಡೈಆಕ್ಸೈಡ್, ಗೋಡೆಗೆ ಬಳಿಯೋ ಪೇಂಟಲ್ಲಿ ಇರತ್ತಲ್ಲ ಅದೇ. ಒಂದಕ್ಕೆ ಪ್ಲಸ್ ಚಾರ್ಜು ಇನ್ನೊಂದಕ್ಕೆ ಮೈನಸ್ಸು, ವೋಲ್ಟೇಜ್ ಕೊಟ್ರೆ ಒಂದು ಮೇಲಕ್ಕೆ ಬರತ್ತೆ ಒಂದು ಕೆಳಕ್ಕೆ ಹೋಗತ್ತೆ, ವೋಲ್ಟೇಜ್ ತೆಗೆದ್ರೆ ಇದ್ದಲ್ಲೇ ಇರತ್ತೆ. ಇದು 1997ರಲ್ಲಿ ಅಮೆರಿಕಾದ ಎಂಐಟಿಯಿಂದ ಹೊರಬಂದವರು ಇ ಇಂಕ್ ಅಂತ ಕಂಪನಿ ಶುರು ಮಾಡಿ ಮಾಡಿದ್ದು, 2007ರಲ್ಲಿ ಅಮೆಜಾನಿನ ಪುಸ್ತಕ ಓದೋ ಕಿಂಡಲ್ ಬಂದಮೇಲೆ ಊರಿಗೆಲ್ಲ ಗೊತ್ತಾಯ್ತು. ಮೂರನೇ ಬಣ್ಣದ ಕೆಂಪು ಕಣ ಮಾತ್ರ ನಿಧಾನ, ಅದನ್ನ ಕಾದು ಕೂತು ಮೇಲಕ್ಕೆ ತರ್ಬೇಕು, 15 ಸೆಕೆಂಡ್ ಆಗೋದು ಅಲ್ಲೇ.

"ನಮ್ ಕಾಕಾನ ಹತ್ರ ಇತ್ತಲೇ ಇಂಥಾದ್ದು" ಅಂದ ಬಸು. "ಮೋಟೋರೋಲಾದ್ದು, ಮೋಟೋಫೋನ್."

ನಾವ್ಯಾರೂ ನಂಬ್ಲಿಲ್ಲ. ಸುಮಾ ಹೌದು ಅಂದ್ಳು, ಎಫ್3 ಅಂತ, 2006ರಲ್ಲಿ ಇಂಡಿಯಾದಲ್ಲೇ ಬಿಟ್ಟಿದ್ರಂತೆ, ಕಿಂಡಲ್‌ಗೂ ಮುಂಚೆ. ಎರಡು ಸಾಲು, ಸಾಲಿಗೆ ಆರೇ ಅಕ್ಷರ. ಹೊಲದಲ್ಲಿ ನಡುಮಧ್ಯಾಹ್ನದ ಬಿಸಿಲಲ್ಲಿ ನಂಬರ್ ನೀಟಾಗಿ ಕಾಣ್ತಿತ್ತಂತೆ. ಅಂದ್ರೆ ನಾವು ಭಾರಿ ಹೊಸ ಟೆಕ್ನಾಲಜಿ ಅಂತ ಮುಟ್ಟಿ ಮುಟ್ಟಿ ನೋಡ್ತಿರೋದನ್ನ ಬಸು ಅವರ ಕಾಕಾ ಧೋತ್ರಕ್ಕೆ ಸಿಗಿಸ್ಕೊಂಡು ಓಡಾಡಿದಾರೆ.

ಸರಿ ಇದ್ರಲ್ಲಿ ಏನು ಹಾಕೋದು ಅಂತ ಚರ್ಚೆ. ಸೀನ ಸೆಕೆಂಡ್ ಮುಳ್ಳಿನ ಗಡಿಯಾರ ಅಂದ, ಬೈದ್ವಿ. ಬಸು ಅವನೂರಿನ ಮನೆ ಗೇಟಿಗೆ 'ಮಾಲಕರು ಮನಿಯಾಗಿಲ್ಲ' ಅಂತ ಹಾಕೋಣ ಅಂದ, ಕಳ್ಳರಿಗೆ ಅನುಕೂಲ ಆಗ್ಲಿ ಅಂತಾನಾ ಅಂದೆ ನಾನು. ಸುಮಾ ಅದಲ್ಲ ತೊಂದರೆ, ಮೂರು ಬಣ್ಣದ ಕೆಲವು ಪರದೆಗಳಿಗೆ 40 ಡಿಗ್ರಿ ತಂಕ ಅಷ್ಟೇ ಅಂತ ಬರೆದಿರತ್ತೆ, ಕಪ್ಪು ಬಿಳುಪಿನವು 50, ಮೇಲಾಗಿ ನೇರ ಬಿಸಿಲು ಬಿದ್ರೆ ಹಾಳಾಗತ್ತೆ ಅಂದ್ಳು. "40ಕ್ಕ ನಮ್ಮೂರಾಗ ಫ್ಯಾನ್ ಸುದ್ದಾ ಹಚ್ಚಂಗಿಲ್ಲ" ಅಂದ ಬಸು, ಅಲ್ಲಿಗೆ ಗೇಟಿನ ವಿಷಯ ಮುಗೀತು. ನಾನು ಕಾವೇರಿ ನೀರು ಬರೋ ದಿನ ಹಾಕೋಣ ಅಂದೆ. ಒಳ್ಳೇ ಐಡಿಯಾನೇ, ಆದ್ರೆ ನೀರು ಯಾವತ್ತು ಬರತ್ತೆ ಅಂತ ಬೋರ್ಡಿಗೆ ಯಾರು ಹೇಳ್ಬೇಕು?

ಅಷ್ಟೊತ್ತಿಗೆ ಗಿರಿ ಅಮ್ಮ ಚುರುಮುರಿ ತಟ್ಟೆ ಹಿಡ್ಕೊಂಡು ಬಂದ್ರು. ದಿನಕ್ಕೊಂದೇ ಸಲ ಬದಲಾಗೋದು ಏನಾದ್ರೂ ಬೇಕು ಆಂಟಿ ಅಂದ್ಳು ಸುಮಾ. "ರಾಹುಕಾಲ ಹಾಕಿ" ಅಂದ್ರು ಅವರು, ಒಂದು ಸೆಕೆಂಡ್ ಯೋಚ್ನೆ ಮಾಡ್ಲಿಲ್ಲ. ನಾಲ್ಕು ಇಂಜಿನಿಯರುಗಳು ಒಂದು ಗಂಟೆ ಕಿತ್ತಾಡಿದ್ದು ಇದಕ್ಕೆ.

ಹಾಕೋಣ ಅಂತ ತೀರ್ಮಾನ ಆದ್ಮೇಲೆ ಅವರೇ ತಕರಾರು ತೆಗೆದ್ರು, "ಸೋಮವಾರ ಏಳೂವರೆಯಿಂದ ಒಂಬತ್ತು, ಶನಿವಾರ ಒಂಬತ್ತರಿಂದ ಹತ್ತೂವರೆ, ನಂಗೆ ಬಾಯಿಪಾಠ ಕಣ್ರೋ, ಇದಕ್ಯಾಕೆ ಕಂಪ್ಯೂಟರು?" ಗಿರಿ ಅದು ಆರಕ್ಕೆ ಸೂರ್ಯ ಹುಟ್ಟಿ ಆರಕ್ಕೆ ಮುಳುಗ್ತಾನೆ ಅಂತ ಹಿಡಿದಿರೋ ಲೆಕ್ಕ ಅಮ್ಮಾ, ನಿಜವಾಗಿ ಅವತ್ತಿನ ಹಗಲನ್ನ ಎಂಟು ಭಾಗ ಮಾಡ್ಬೇಕು, ಜೂನ್‌ನಲ್ಲಿ ಭಾನುವಾರದ್ದು ನಾಲ್ಕೂವರೆಗಲ್ಲ ಐದರ ಮೇಲೆ ಶುರು ಆಗತ್ತೆ ಅಂದ. ಆಂಟಿ ಮುಖ ನೋಡ್ಬೇಕಿತ್ತು. "ಹಾಗಾದ್ರೆ ನಿನ್ನ ಮಾವ ಸೈಟು ನೋಡಕ್ಕೆ ಹೊರಟಿದ್ದು ಆರೂಕಾಲಿಗೆ!" ಅಂದವರೇ ಕೆಳಗಿಳಿದು ಹೋದ್ರು, ಮಾವಂಗೆ ಫೋನ್ ಮಾಡಕ್ಕೆ ಅನ್ಸತ್ತೆ.

ಕೆಲಸ ಶುರು ಆಯ್ತು. ಸೀನ ಅವನ ಹಳೇ ಆರ್ಡುಯಿನೋ ಊನೋ ಬೋರ್ಡ್ ಹಿಡ್ಕೊಂಡು ಬಂದ. ಪರದೇಲಿ ಸಾಲಿಗೆ 400 ಚುಕ್ಕಿ, ಅಂಥ 300 ಸಾಲು, ಅಂದ್ರೆ 1,20,000 ಚುಕ್ಕಿ, ಚುಕ್ಕಿಗೊಂದು ಬಿಟ್ ಅಂದ್ರೂ 15,000 ಬೈಟ್, ಕೆಂಪಿಗೆ ಇನ್ನೊಂದು 15,000. ಊನೋದಲ್ಲಿ ಇರೋ ರ‍್ಯಾಮ್ 2 ಕೆಬಿ. "ಅಡ್ಜಸ್ಟ್ ಆಗತ್ತೆ" ಅಂದ ಸೀನ, ಅವನ ಜೀವನದ ತತ್ವ ಅದು. ತಮಾಷೆ ಅಂದ್ರೆ ಆಗತ್ತೆ ಕೂಡ, ಇಂಥ ಪರದೆಗೆ ಎಲ್ಲರೂ ಬಳಸೋ ಜಿಎಕ್ಸ್ಇಪಿಡಿ2 ಅನ್ನೋ ರೆಡಿಮೇಡ್ ಕೋಡು, ಅಂದ್ರೆ ಲೈಬ್ರರಿ, ಪರದೆನ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಒಂದೊಂದೇ ಪಟ್ಟಿ ಬರ್ಕೊಂಡು ಹೋಗತ್ತೆ, ಅಂದ್ರೆ ನಾವು ಬರೆದ ಚಿತ್ರ ಬಿಡಿಸೋ ಕೋಡ್ ಪಟ್ಟಿಗೊಂದ್ಸಲ ಮತ್ತೆ ಮತ್ತೆ ಓಡತ್ತೆ. ಸೀನ ಏನ್ಮಾಡಿದ, ಅದೇ ಲೂಪ್ ಒಳಗೆ ಟೆಂಪರೇಚರ್ ಸೆನ್ಸರ್ ಓದೋ ಸಾಲೂ ಹಾಕ್ಬಿಟ್ಟ. ಪಟ್ಟಿ ಬದಲಾದಾಗೆಲ್ಲ ಸೆನ್ಸರ್ ಹೊಸ ನಂಬರ್ ಕೊಡತ್ತೆ. ಪರದೆ ಮೇಲೆ ತಲೆ 27, ಕಾಲು 28. ಅದು ಯಾವ ಅಂಕಿ ಅಂತ ಬಸು ಕತ್ತು ಓರೆ ಮಾಡಿ ತುಂಬಾ ಹೊತ್ತು ನೋಡಿದ. ಲೂಪಿಗೆ ಮೊದ್ಲೇ ಓದಿ ಇಟ್ಕೊಳೋ ಅಂತ ಸುಮಾ ಹೇಳಿದ್ಮೇಲೆ ಸರಿಹೋಯ್ತು, ಆದ್ರೂ ಊನೋ ಬೇಡ ಅಂತ ವೈಫೈ ಇರೋ ಇಎಸ್‌ಪಿ32 ಬೋರ್ಡ್ ತಗೊಂಡ್ವಿ. ವೈಫೈ ಬೇಕಲ್ಲ, ಟೈಮ್ ತಗೊಳಕ್ಕೆ. ಪರದೆಗೂ 3.3 ವೋಲ್ಟ್, ಇದಕ್ಕೂ 3.3, ಜಾತಕ ಕೂಡಿಬಂತು.

ವೈರು ಎಂಟು. ಅದ್ರಲ್ಲಿ ಬಿಝಿ ಅಂತ ಒಂದಿದೆ, ಪರದೆ 'ತಡಿ, ನಂದಿನ್ನೂ ಆಗಿಲ್ಲ' ಅಂತ ಬೋರ್ಡಿಗೆ ಹೇಳೋದು ಅದ್ರಲ್ಲೇ. ಆ ವೈರು ಸಡಿಲ ಆಗಿತ್ತು, ಬೋರ್ಡಿನ ಮೆಸೇಜ್ ತೋರ್ಸೋ ಸೀರಿಯಲ್ ಮಾನಿಟರಲ್ಲಿ 'ಬಿಝಿ ಟೈಮ್‌ಔಟ್' ಅಂತ ಬರ್ತಾನೇ ಇತ್ತು, ಗಿರಿ ಮೂರು ಲೈಬ್ರರಿ ಬದಲಾಯಿಸಿದ, ಬಸು ವೈರನ್ನ ಒತ್ತಿದ. ಹೊಸಬರು ಯಾರಾದ್ರೂ ಇದ್ರೆ ಇನ್ನೊಂದು ವಿಷಯ, ಒಂದೇ ಅಳತೆ ಒಂದೇ ಥರ ಕಾಣೋ ಪರದೆಗಳ ಒಳಗೆ ಅವನ್ನ ಓಡಿಸೋ ಡ್ರೈವರ್ ಚಿಪ್ ಬೇರೆ ಬೇರೆ ಇರತ್ತೆ, ಹಿಂದೆ ಅಂಟಿಸಿರೋ ಚೀಟಿ ಓದಿ, ವಿ1 ವಿ2 ಅಂತ ಇದ್ರೆ ಅದು ಅಲಂಕಾರಕ್ಕಲ್ಲ.

ಆಮೇಲೆ ಕನ್ನಡ. ಇದನ್ನ ಯಾರೂ ಯೋಚ್ನೆ ಮಾಡಿರ್ಲಿಲ್ಲ. ಇಂಗ್ಲಿಷ್ ಅಕ್ಷರ ಒಂದರ ಪಕ್ಕ ಒಂದು ಇಟ್ಕೊಂಡು ಹೋದ್ರೆ ಸಾಕು, ಈ ಗ್ರಾಫಿಕ್ಸ್ ಲೈಬ್ರರಿಗಳಿಗೆ ಬರೋದು ಅಷ್ಟೇ. ನಮ್ದು ಒತ್ತು ಕೆಳಗೆ ಹೋಗ್ಬೇಕು, ಗುಣಿತ ತಲೆಗೆ ಅಂಟ್ಬೇಕು, ಆ ಜೋಡಣೆ ಮಾಡೋ ಸಾಫ್ಟ್‌ವೇರ್ ಅದ್ರಲ್ಲಿ ಇಲ್ಲ. ಉತ್ತರಾಷಾಢ ನಕ್ಷತ್ರ ಬಿಡಿ ಬಿಡಿ ಭಾಗಗಳಾಗಿ ಬಂತು, ಗ್ಯಾರೇಜಲ್ಲಿ ಬಿಚ್ಚಿಟ್ಟ ಸ್ಕೂಟರ್. ಸೀನ ರೋಮನ್ ಲಿಪಿಯಲ್ಲಿ ಹಾಕೋಣ ಬಿಡು ಅಂದ, ಗಿರಿ ಸುಮ್ನೆ ಅವನ್ನ ನೋಡಿದ, ಮನೇಲಿರೋ ಪಂಚಾಂಗ ಓದೋರು ಅವರಮ್ಮ. ಕೊನೆಗೆ ಸುಮಾ ದಾರಿ ಹೇಳಿದ್ಲು. ಮನೇಲಿ ಹೇಗೂ ಒಂದು ರಾಸ್ಪ್‌ಬೆರಿ ಪೈ, ಅದೇ ಆ ಪುಟಾಣಿ ಕಂಪ್ಯೂಟರ್, ಇದೆ, ಪುಟ ಅದ್ರಲ್ಲೇ ತಯಾರಾಗ್ಲಿ, ಬ್ರೌಸರಿಗೆ ಕನ್ನಡ ಸರಿಯಾಗಿ ಬರತ್ತೆ, ಅದ್ರ ಸ್ಕ್ರೀನ್‌ಶಾಟ್ ತೆಗೆದು ಚುಕ್ಕಿ ಚಿತ್ರ ಮಾಡಿ ಕಳಿಸು, ಇಎಸ್‌ಪಿಗೆ ಅದು ಕನ್ನಡವೋ ಕುಂಬಳಕಾಯಿಯೋ ಗೊತ್ತಾಗೋದೇ ಬೇಡ. ದಪ್ಪ ಫಾಂಟೇ ಹಾಕ್ಬೇಕು, ಬೂದು ಬಣ್ಣ ಇಲ್ಲದಿರೋದ್ರಿಂದ ತೆಳ್ಳಗಿನ ಗೆರೆಗಳು ಅಲ್ಲಲ್ಲಿ ಮಾಯ ಆಗತ್ತೆ, 'ಷ'ದ ಹೊಟ್ಟೆ ಗೆರೆ ಹೋದ್ರೆ 'ಪ' ಆಗ್ಬಿಡತ್ತೆ.

ಬ್ಯಾಟರಿ ವಿಷಯಕ್ಕೆ ಬಂದ್ರೆ, ಇ-ಪೇಪರ್ ಅಂದ್ರೆ ವರ್ಷಗಟ್ಟಲೆ ಬರತ್ತೆ ಅಂತ ಎಲ್ಲರೂ ಹೇಳ್ತಾರೆ, ಗಿರಿದು ಹತ್ತು ದಿನಕ್ಕೇ ಮಲಗ್ತು. ಪರದೆದು ತಪ್ಪಿಲ್ಲ, ಚಿತ್ರ ನಿಂತಿರೋವಾಗ ಅದು ಏನೂ ಕುಡಿಯಲ್ಲ. ಇಎಸ್‌ಪಿ32 ಚಿಪ್ಪೂ ಡೀಪ್ ಸ್ಲೀಪ್‌ನಲ್ಲಿ, ಅಂದ್ರೆ ಗಾಢ ನಿದ್ದೇಲಿ, 10 ಮೈಕ್ರೋಆಂಪ್ ಅಷ್ಟೇ. ಕುಡಿಯೋದು ಅದನ್ನ ಕೂರಿಸಿರೋ ಬೋರ್ಡು. ಅದ್ರ ವೋಲ್ಟೇಜ್ ಹದಕ್ಕಿಡೋ ರೆಗ್ಯುಲೇಟರು, ಯುಎಸ್‌ಬಿ ಚಿಪ್ಪು, ಮೇಲೆ ಸದಾ ಉರಿಯೋ ಒಂದು ಕೆಂಪು ಎಲ್‌ಇಡಿ. ಎಲ್ಲ ಸೇರಿ 10 ಮಿಲಿಆಂಪ್ ಎಳೆದ್ರೆ 2500 ಎಂಎಎಚ್ ಸೆಲ್ಲು 250 ಗಂಟೆ, ಹತ್ತು ದಿನ ಚಿಲ್ಲರೆ ಅಷ್ಟೇ. ಕಡಿಮೆ ಎಳೆಯೋ ಬೋರ್ಡ್ ಹಾಕಿದ್ರೆ, ದಿನಕ್ಕೆ ಅರ್ಧ ನಿಮಿಷ ಎದ್ದು ಮಲಗಿದ್ರೆ, ಅದೇ ಸೆಲ್ಲು ಲೆಕ್ಕದ ಪ್ರಕಾರ ವರ್ಷ ದಾಟತ್ತೆ. ಜನ ಪರದೆ ಆರಿಸಕ್ಕೆ ತಿಂಗಳು ತಲೆ ಕೆಡಿಸ್ಕೊತಾರೆ, ಬೋರ್ಡನ್ನ ಡ್ರಾಯರಲ್ಲಿ ಕೈಗೆ ಸಿಕ್ಕಿದ್ದು ಎತ್ಕೊತಾರೆ, ನನ್ ಕೇಳಿದ್ರೆ ಉಲ್ಟಾ ಮಾಡ್ಬೇಕು.

ಬ್ಯಾಟರಿ ಸತ್ತಿದ್ದು ಗೊತ್ತಾಗಿದ್ದು ಹೇಗೆ ಅಂತ ಕೇಳ್ಬೇಡಿ. ಕೇಳಿದ್ರೂ ಹೇಳ್ತೀನಿ. ಕರೆಂಟ್ ಇಲ್ದಿದ್ರೂ ಚಿತ್ರ ಅಳಿಯಲ್ಲ ಅನ್ನೋದೇ ಇದ್ರ ಹೆಚ್ಚುಗಾರಿಕೆ ತಾನೇ, ಹಾಗಾಗಿ ಅದು ಮಂಗಳವಾರ ಸತ್ತು, ಬುಧವಾರವೂ ಗುರುವಾರವೂ ಗೋಡೆ ಮೇಲೆ ಮಂಗಳವಾರವೇ ನಗ್ತಾ ಕೂತಿತ್ತು, ಅಕ್ಷರ ಏನೂ ಮಸುಕಾಗಿಲ್ಲ. ಆಂಟಿ ಗುರುವಾರ ಮಧ್ಯಾಹ್ನ ಮಂಗಳವಾರದ ರಾಹುಕಾಲ ಮುಗಿಯೋ ತನಕ ಹೊರಗೆ ಕಾಲಿಡ್ಲಿಲ್ಲ, ಅದಕ್ಕೂ ಮುಂಚೆ ಎರಡೂವರೆಗೆ, ಅಸಲಿ ರಾಹುಕಾಲದಲ್ಲಿ, ಹೋಗಿ ಮಿಕ್ಸಿ ತಗೊಂಡು ಬಂದಿದ್ರು. ಮಿಕ್ಸಿ ಚೆನ್ನಾಗೇ ಓಡ್ತಿದೆ, ಅದನ್ನ ಗಿರಿ ಒತ್ತಿ ಒತ್ತಿ ಹೇಳ್ತಾನೆ.

"ಸತ್ತರೂ ಸತ್ತಂಗ ಕಾಣಂಗಿಲ್ಲ, ಡೇಂಜರ್ ಅದ ಇದು" ಅಂದ ಬಸು. ಅದಾದ್ಮೇಲೆ ಮೂಲೇಲಿ ಬ್ಯಾಟರಿ ಎಷ್ಟಿದೆ, ಕೊನೇ ಸಲ ಯಾವಾಗ ಬದಲಾಯ್ತು ಅಂತ ಸಣ್ಣಕ್ಕೆ ಬರೋ ಹಾಗೆ ಮಾಡಿದ್ವಿ.

ಸೀನ ಈ ಮಧ್ಯೆ ಸುಮಾ ಹತ್ರ ಇದ್ದ 2.9 ಇಂಚಿನ ಕಪ್ಪು ಬಿಳುಪಿಂದು ಎತ್ಕೊಂಡು ಹೋಗಿ ಗಡಿಯಾರ ಮಾಡೇ ಮಾಡಿದ. ಅದಕ್ಕೆ ಪಾರ್ಷಿಯಲ್ ರಿಫ್ರೆಶ್ ಇದೆ, ಬೇಕಾದ ಜಾಗ ಮಾತ್ರ ಅರ್ಧ ಸೆಕೆಂಡಿನೊಳಗೆ, ಮಿನುಗದೇ ಬದಲಾಗತ್ತೆ. ಬರೀ ಅದನ್ನೇ ಮಾಡ್ತಾ ಹೋದ್ರೆ ಹಳೇ ಅಂಕಿ ನೆರಳು ಉಳ್ಕೊಳತ್ತೆ, ಮಧ್ಯೆ ಮಧ್ಯೆ ಪೂರ್ತಿ ರಿಫ್ರೆಶ್ ಕೊಡು ಅಂದ್ರೆ ಕಣ್ಣು ಮಿಟುಕಿಸತ್ತೆ ಬೇಡ ಅಂತಾನೆ. ಅವನ ಗಡಿಯಾರದಲ್ಲಿ ಈಗ ಇವತ್ತು ಬಂದುಹೋದ ಟೈಮೆಲ್ಲ ಒಟ್ಟಿಗೇ ಕಾಣತ್ತೆ.

ಗಿರಿ ಫೋಟೋ ಅಂಗಡಿಯಿಂದ ಫ್ರೇಮ್ ತಂದು, ಸುತ್ತ ಅಗಲಕ್ಕೆ ಬಿಳಿ ರಟ್ಟು ಬಿಟ್ಟು, ಮಧ್ಯೆ ಪರದೆ ಕೂರಿಸಿ, ಭಾರಿ ಚೆನ್ನಾಗಿ ಮಾಡ್ದ ಬಿಡಿ. ಹಳೇ ಕ್ಯಾಲೆಂಡರ್ ತೆಗೆದು ಅದೇ ಮೊಳೆಗೆ ನೇತುಹಾಕಿದ್ವಿ. ಆಂಟಿ ಬಂದು ನೋಡಿ ಕೆಂಪಲ್ಲಿ ಬಂದ ರಾಹುಕಾಲ ಓದಿ ತಲೆ ಆಡಿಸಿ, "ಎಲ್ಲ ಸರಿ, ಗ್ಯಾಸ್ ಬಂದ ದಿನ ಎಲ್ಲಿ ಬರ್ಕೊಳೋದೋ?" ಅಂದ್ರು.

ಯಾರೂ ಮಾತಾಡ್ಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದ್ರು. ಗಿರಿ ಟಚ್ ಇರೋ ಪರದೆನೂ ಬರತ್ತೆ ಅಂದ, ಸುಮಾ ಹಾಗಾದ್ರೆ ಟಚ್ ಚಿಪ್ಪೂ ಎಚ್ಚರ ಇರ್ಬೇಕು, ಬ್ಯಾಟರಿ ಲೆಕ್ಕ ಮೊದಲಿಂದ ಮಾಡು ಅಂದ್ಳು, ನಾನು ಫೋನಲ್ಲಿ ಆ್ಯಪ್ ಮಾಡಿ ಅದ್ರಲ್ಲಿ ಟೈಪ್ ಮಾಡಿದ್ರೆ ಇದ್ರಲ್ಲಿ ಬರೋ ಹಾಗೆ ಅಂದೆ, ಸೀನ ವಾಯ್ಸ್ ಅಂದ. ನಾವು ತಿರುಗಿ ನೋಡೋ ಹೊತ್ತಿಗೆ ಆಂಟಿ ಫ್ರಿಜ್ ಮೇಲಿದ್ದ ಬಾಲ್‌ಪೆನ್ ತಗೊಂಡು ಬಿಳಿ ರಟ್ಟಿನ ಬಲಗಡೆ 'ಗ್ಯಾಸ್ 14', ಅದ್ರ ಕೆಳಗೆ 'ಹಾಲು ½ ಲೀ ಜಾಸ್ತಿ' ಅಂತ ಬರೆದಾಗಿತ್ತು.

"ಅಂಚು ಇಷ್ಟಗಲ ಯಾಕೆ ಬಿಟ್ಟಿದೀಯ ಅಂದ್ಕೊಂಡಿದ್ದೆ" ಅಂದ್ರು ಗಿರಿಗೆ. "ಒಳ್ಳೇದಾಯ್ತು ನೋಡು."

ಸುಮಾ ಆ ರಟ್ಟನ್ನೇ ನೋಡ್ತಾ, "ಪಾರ್ಷಿಯಲ್ ರಿಫ್ರೆಶ್ ಇದಕ್ಕಿಂತ ಫಾಸ್ಟ್ ಬರಲ್ಲ ಗಿರಿ, ಬಿಟ್ಬಿಡು" ಅಂದ್ಳು.