ಹೇಳಿಬಿಡಲಾ, ಮುಚ್ಚಿಡಲಾ?

ಉಗ್ಗುವ ಓದುಗರೊಬ್ಬರು ಹೋದ ಸಲ ಕೇಳಿದ್ದರು: ‘ಹೊಸ ಕೆಲಸಕ್ಕೆ ಸೇರುತ್ತಿದ್ದೇನೆ. ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಲಾ, ಇಲ್ಲಾ ಆದಷ್ಟು ದಿನ ಮುಚ್ಚಿಡಲಾ?’ ಬಂದ ಉತ್ತರಗಳಲ್ಲಿ ಮೂರು ಇಲ್ಲಿವೆ. ಮೊದಲನೆಯದನ್ನು ಕತ್ತರಿಸಲು ಮನಸ್ಸಾಗಲಿಲ್ಲ.

*

ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾನು ಹನ್ನೊಂದು ವರ್ಷ ಮುಚ್ಚಿಟ್ಟವನು. ಹೇಗೆ ಗೊತ್ತಾ? ಪದ ಬದಲಿಸಿ. ‘ಮಂಗಳವಾರ’ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ ಅನಿಸಿದರೆ ‘ನಾಳಿದ್ದು’ ಅಂತಿದ್ದೆ. ಇವನಿಗೆ ಮಾತು ಕಮ್ಮಿ ಅಂದುಕೊಂಡಿದ್ದರು ಎಲ್ಲ, ಒಳಗೆ ಮಾತ್ರ ಮೂರು ವಾಕ್ಯ ಮುಂದೆ ಓಡಿಹೋಗಿ ಎಲ್ಲಿ ಕಲ್ಲಿದೆ, ಎಲ್ಲಿ ಮುಳ್ಳಿದೆ ಅಂತ ನೋಡಿಕೊಂಡು ಬರುವ ಕೆಲಸ. ಆದರೆ ಸ್ವಂತ ಹೆಸರಿಗೆ ಬದಲಿ ಪದ ಎಲ್ಲಿಂದ ತರೋಣ? ಒಂದು ತರಬೇತಿಯಲ್ಲಿ ಸಾಲಾಗಿ ಹೆಸರು ಹೇಳುತ್ತಾ ಬಂದರು. ನನ್ನದು ಆರನೆಯ ಸರದಿ. ಮೊದಲ ಐದು ಜನರ ಹೆಸರು ಒಂದೂ ಕಿವಿಗೆ ಬೀಳಲಿಲ್ಲ. ತುಟಿ ಅಂಟಿಕೊಂಡಿತು, ಮೇಜಿನ ಕೆಳಗೆ ಬಲಗಾಲು ನೆಲ ತಟ್ಟುತ್ತಿತ್ತು. ಕೊನೆಗೆ ಸುಲಭವಾಗಿ ಬರುವ ಬೇರೆ ಯಾವುದೋ ಹೆಸರು ಹೇಳಿಬಿಟ್ಟೆ! ಮೂರು ದಿನ ಅದೇ ಹೆಸರಿನಿಂದ ಕರೆದರು, ನಾನೂ ಓಗೊಟ್ಟೆ.

ಮುಂದಿನ ಕೆಲಸದಲ್ಲಿ ಮೊದಲೇ ಹೇಳಿದೆ: ‘ನಾನು ಉಗ್ಗುತ್ತೇನೆ, ಸ್ವಲ್ಪ ತಡವಾಗುತ್ತೆ, ನನ್ನ ವಾಕ್ಯ ನೀವು ಮುಗಿಸಬೇಡಿ.’ ಅಷ್ಟು ಹೇಳುವುದರಲ್ಲೇ ಎರಡು ಸಲ ಉಗ್ಗಿದೆ. ಉಗ್ಗು ಇವತ್ತಿಗೂ ಇದೆ. ಕಾಲು ತಟ್ಟುವುದು ನಿಂತಿದೆ.

— ಆರನೆಯವನು

*

ಇನ್ನೊಂದು ಪತ್ರ ಚಿಕ್ಕದು.

ಇದೂ ಒಂದು ಸಮಸ್ಯೆನಾ? ಸಂದರ್ಶನದಲ್ಲಿ ನಿಮ್ಮ ಮಾತು ಕೇಳಿಯೇ ತಾನೇ ತಗೊಂಡಿದ್ದು? ಸುಮ್ನೆ ಹೋಗಿ ಕೆಲಸ ಮಾಡಿ.

— ನಿವೃತ್ತ ಅಧಿಕಾರಿ

*

ಒರಟು ನಿಜ, ಆದರೆ ಸಂದರ್ಶನದ ವಿಷಯ ನಮಗೂ ಹೊಳೆದಿರಲಿಲ್ಲ. ಮುಂದಿನವರು ಉತ್ತರಕ್ಕಿಂತ ಪ್ರಶ್ನೆಯನ್ನೇ ಜಾಸ್ತಿ ಕಳಿಸಿದ್ದಾರೆ.

ನನ್ನ ಮಗನಿಗೆ ನಾಲ್ಕು ವರ್ಷ. ಹಾಡುವಾಗ ಒಂದಕ್ಷರವೂ ತಡವರಿಸಲ್ಲ, ‘ಅಮ್ಮ’ ಅನ್ನಲು ಒದ್ದಾಡುತ್ತಾನೆ. ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತೆ, ಹೆಚ್ಚಿನ ಮಕ್ಕಳಲ್ಲಿ ಹೋಗಿಬಿಡುತ್ತೆ, ದೊಡ್ಡವರಲ್ಲಿ 100ಕ್ಕೆ ಸುಮಾರು ಒಬ್ಬರಲ್ಲಿ ಉಳಿಯುತ್ತೆ ಅಂದರು ಸ್ಪೀಚ್ ಥೆರಪಿಸ್ಟ್. ‘ನಿಧಾನ, ಉಸಿರೆಳೆದುಕೊಂಡು ಹೇಳು’ ಅನ್ನುತ್ತಿದ್ದೆ, ಅದನ್ನೂ ಬಿಡಿಸಿದರು. ಈಗ ಅವನು ಮುಗಿಸುವ ತನಕ ಮುಖ ನೋಡುತ್ತಾ ಕೂರುತ್ತೇನೆ. ಕಷ್ಟ ಕಣ್ರೀ. ನೀವು ಚಿಕ್ಕವರಿದ್ದಾಗ ನಿಮ್ಮಮ್ಮ ಏನು ಮಾಡಬಾರದಿತ್ತು ಅಂತ ದಯವಿಟ್ಟು ಬರೆಯುತ್ತೀರಾ?

— ಒಬ್ಬ ಅಮ್ಮ

*

ಫೋನ್ ಎತ್ತಲೇಬೇಡಿ, ಎಲ್ಲಾ ಮೆಸೇಜಿನಲ್ಲೇ ಮುಗಿಸಿ ಅಂತ ನಾಲ್ವರು ಬರೆದಿದ್ದಾರೆ. ಆ ಪತ್ರಗಳನ್ನು ಪ್ರಶ್ನೆ ಕೇಳಿದವರಿಗೇ ನೇರವಾಗಿ ಕಳಿಸಿದ್ದೇವೆ. — ಸಂ.