ಬೇಕಲ ಕೋಟೆಯ ನಡುವಿನ ಕಟ್ಟಡ: ಗೋಪುರವೋ, ಬುರುಜೋ, ಬತ್ತೇರಿಯೋ?

ಮಾನ್ಯರೇ,

ಕಾಸರಗೋಡಿನ ಕಡಲಬದಿಯ ಹಳೆಯ ಕಟ್ಟಡಗಳನ್ನು ಕುರಿತು ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಓದಬಹುದಾದ ಚಿಕ್ಕ ಪುಸ್ತಕವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಬೇಕಲದ ಅಧ್ಯಾಯದಲ್ಲಿ ಎದುರಾದ ಒಂದು ಪದದ ವಿಚಾರವನ್ನು ತಮ್ಮೆಲ್ಲರ ಮುಂದಿಡಬಯಸುತ್ತೇನೆ.

ಕೆಳದಿಯ ಶಿವಪ್ಪನಾಯಕನು 1650ರ ಸುಮಾರಿಗೆ ಕಟ್ಟಿಸಿದನೆಂದು ಹೇಳಲಾಗುವ ಬೇಕಲ ಕೋಟೆಯ ಅಂಗಳದಲ್ಲಿ, ಸುತ್ತುಗೋಡೆಗೆ ಎಲ್ಲಿಯೂ ತಾಗದೆ ಬೇರೆಯಾಗಿ ನಿಂತ, ಅಗಲವಾದ ಇಳಿಜಾರು ದಾರಿಯಲ್ಲಿ ಹತ್ತಿಹೋಗಬಹುದಾದ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ದುಂಡನೆಯ ಕಟ್ಟಡವೊಂದಿದೆ. ಅದರ ನೆತ್ತಿಯಲ್ಲಿ ನಿಂತರೆ ಸಮುದ್ರವೂ ಸುತ್ತಲಿನ ಊರುಗಳೂ ಒಟ್ಟಿಗೆ ಕಾಣಿಸುವುದರಿಂದ, ದೂರದಿಂದ ಬರುವ ಹಡಗನ್ನಾಗಲಿ ದಂಡನ್ನಾಗಲಿ ಮೊದಲೇ ಗುರುತಿಸಲು ಅದು ತಕ್ಕ ಜಾಗವಾಗಿತ್ತು. ಇದನ್ನು ಕನ್ನಡದಲ್ಲಿ ಬರೆಯುವವರು ಹೆಚ್ಚಾಗಿ ‘ವೀಕ್ಷಣಾ ಗೋಪುರ’ ಎಂದು ಕರೆಯುತ್ತಾರೆ. ಇಂಗ್ಲಿಷಿನ ‘ಟವರ್’ ಎಂಬುದಕ್ಕೆ ನಿಘಂಟು ನೋಡಿ ಇಟ್ಟ ಹೆಸರಿನಂತೆ ಇದು ನನಗೆ ತೋರುತ್ತದೆ.

ನನ್ನ ಆಕ್ಷೇಪ ‘ಗೋಪುರ’ದ ಮೇಲೆ. ಘಟ್ಟದ ಮೇಲಿನವರಿಗೆ ಗೋಪುರವೆಂದರೆ ದೇವಾಲಯದ ಮುಂದೆ ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಮೇಲೇಳುವ ಶಿಲ್ಪಭರಿತ ಕಟ್ಟಡವಾದರೆ, ನಮ್ಮ ಕಡೆಯಲ್ಲಿ ಅದು ಇಕ್ಕೆಲಗಳಲ್ಲಿ ಜಗಲಿಯಿರುವ, ಇಳಿಮಾಡಿನ, ಅಂಗಣದೊಳಕ್ಕೆ ಹೋಗುವ ಪ್ರವೇಶದ ಮನೆ. ಸುತ್ತುಪೌಳಿ, ಗೋಪುರ, ತೀರ್ಥಮಂಟಪ ಎಂದು ಒಂದೇ ಉಸಿರಿನಲ್ಲಿ ಹೇಳುವ ಇಲ್ಲಿನವರ ಮನಸ್ಸಿನಲ್ಲಿ ಆ ಪದಕ್ಕೂ ಎತ್ತರಕ್ಕೂ ಅಂತಹ ಸಂಬಂಧವೇ ಇಲ್ಲ. ಮಧೂರು ದೇವಸ್ಥಾನದಲ್ಲಿಯೂ ದೂರದಿಂದ ಕಣ್ಣಿಗೆ ಬೀಳುವುದು ಗರ್ಭಗುಡಿಯ ಮೇಲಿನ ಗಜಪೃಷ್ಠಾಕಾರದ, ತಾಮ್ರ ಹೊದೆಸಿದ ಮೂರು ನೆಲೆಯ ಮಾಡು. ಅದನ್ನು ಯಾರೂ ಗೋಪುರವೆನ್ನುವುದಿಲ್ಲ. ಹೀಗಿರುವಾಗ ಬೇಕಲದ ಆ ಬೋಳು ಕಟ್ಟಡವನ್ನು ಗೋಪುರವೆಂದು ಬರೆದರೆ, ಘಟ್ಟದ ಮೇಲಿನ ಓದುಗ ಒಂದು ತಪ್ಪು ಚಿತ್ರವನ್ನೂ ಕಾಸರಗೋಡಿನ ಹುಡುಗ ಇನ್ನೊಂದು ತಪ್ಪು ಚಿತ್ರವನ್ನೂ ಕಲ್ಪಿಸಿಕೊಳ್ಳುವಂತಾಗುತ್ತದೆ.

‘ಕೊತ್ತಳ’ವನ್ನು ಬಳಸಬಹುದೇ ಎಂದು ಮೊದಲು ಯೋಚಿಸಿದೆ. ‘ಕೋಟೆ ಕೊತ್ತಳ’ ಎಂಬ ಜೋಡುನುಡಿ ಎಲ್ಲರಿಗೂ ಗೊತ್ತಿರುವಂಥದು. ತಮಿಳಿನಲ್ಲಿಯೂ ‘ಕೋಟ್ಟೈ ಕೊತ್ತಳಂ’ ಎಂದೇ ಇದೆ. ಆದರೆ ಕೊತ್ತಳವೆಂದರೆ ಕೋಟೆಯ ಗೋಡೆಯಿಂದ ಹೊರಕ್ಕೆ ಚಾಚಿದ ಭಾಗವೆಂದು ನಾನು ತಿಳಿದಿದ್ದೇನೆ. ಇಲ್ಲಿನ ಕಾಞಂಗಾಡಿನಲ್ಲಿರುವ ಹೊಸದುರ್ಗದ ಕೋಟೆಯ ದುಂಡು ಭಾಗಗಳಿಗೆ ಈ ಪದ ಚೆನ್ನಾಗಿ ಒಪ್ಪುತ್ತದೆ. (ಅದೇ ಕಾಞಂಗಾಡಿನಲ್ಲಿ ‘ಹೊಸದುರ್ಗ’ ಎಂಬ ಕನ್ನಡದ ಹೆಸರೂ ‘ಪುದಿಯಕೋಟ್ಟ’ ಎಂಬ ಮಲಯಾಳದ ಹೆಸರೂ ಒಂದೇ ಅರ್ಥವನ್ನು ಹೊತ್ತು ಇಂದಿಗೂ ಅಕ್ಕಪಕ್ಕದಲ್ಲಿ ಬಳಕೆಯಲ್ಲಿವೆ.) ಬೇಕಲದಲ್ಲಿಯೂ ಗೋಡೆಯ ಭಾಗಗಳಿಗೆ ಕೊತ್ತಳವೆನ್ನಲು ಅಡ್ಡಿಯಿಲ್ಲ. ಅಲ್ಲಿನ ಗೋಡೆಗಳ ಕಿಂಡಿಗಳಲ್ಲಿ ಮೇಲಿನವು ದೂರದ ಶತ್ರುವಿಗೆ, ನಡುವಿನವು ಹತ್ತಿರ ಬಂದವನಿಗೆ, ಕೆಳಗಿನವು ಗೋಡೆಯ ಬುಡಕ್ಕೇ ಬಂದವನಿಗೆ ಗುರಿಯಿಡುವಂತೆ ರಚಿತವಾಗಿವೆ. ನಡುವಿನ ಕಟ್ಟಡಕ್ಕೆ ಮಾತ್ರ ಗೋಡೆಯ ಆಸರೆಯೇ ಇಲ್ಲ.

ಉಳಿಯುವುದು ಬುರುಜು ಮತ್ತು ಬತ್ತೇರಿ. ಅರಬ್ಬಿಯ ‘ಬುರ್ಜ್’ನಿಂದ ಬಂದ ‘ಬುರುಜು’ ಉತ್ತರ ಕರ್ನಾಟಕದಲ್ಲಿ ಕೊತ್ತಳಕ್ಕೂ ಸಲ್ಲುತ್ತದೆ, ಬಿಡಿಯಾಗಿ ನಿಂತ ಕಟ್ಟಡಕ್ಕೂ ಸಲ್ಲುತ್ತದೆ. ವಿಜಯಪುರದಲ್ಲಿ ಮಲಿಕ್-ಎ-ಮೈದಾನ್ ತೋಪಿರುವ ಶೇರ್ಜಾ ಬುರುಜು ಊರಿನ ಕೋಟೆಗೋಡೆಯ ಭಾಗವೇ ಆಗಿದೆ. ಆದರೆ 1584ರ ಸುಮಾರಿಗೆ ಹೈದರ್ ಖಾನನು ಕಟ್ಟಿಸಿದ, ಸುಮಾರು 80 ಅಡಿ ಎತ್ತರದ ಉಪಲಿ ಬುರುಜು ಗೋಡೆಯ ಒಳಗೆ ದಿಣ್ಣೆಯ ಮೇಲೆ ಒಂಟಿಯಾಗಿ ನಿಂತು, ಹೊರಮೈಯ ಮೆಟ್ಟಿಲುಗಳಿಂದ ತುದಿಯ ತೋಪುಗಳಿಗೆ ದಾರಿಮಾಡಿಕೊಡುತ್ತದೆ. ಬೇಕಲದ ಕಟ್ಟಡಕ್ಕೆ ಇದಕ್ಕಿಂತ ಹತ್ತಿರದ ಹೋಲಿಕೆಯನ್ನು ನಾನು ಕಾಣೆ.

‘ಬತ್ತೇರಿ’ ಯೂರೋಪಿನ ಭಾಷೆಗಳಿಂದ ಬಂದದ್ದು. ತೋಪುಗಳನ್ನು ಸಾಲಾಗಿ ಹೂಡಿದ ನೆಲೆಯೆಂಬುದು ಅದರ ಮೂಲದ ಅರ್ಥ. ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ನದಿಯೊಳಕ್ಕೆ ಯುದ್ಧದ ಹಡಗುಗಳು ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇರುವುದರಿಂದ ಕರಾವಳಿಯವರಿಗೆ ಈ ಪದ ಹೊಸತಲ್ಲ. ಆದರೆ ನಮ್ಮ ಮಕ್ಕಳು ಬತ್ತೇರಿಯೆಂದೊಡನೆ ವಯನಾಡಿನ ಪೇಟೆಯನ್ನು ನೆನೆಯುತ್ತಾರೆ, ಇಲ್ಲವೇ ಮಂಗಳೂರಿನ ಬಸ್ಸಿನ ಬೋರ್ಡನ್ನು. ಪದ ಉಳಿದಿದೆ, ಊರಿನ ಹೆಸರಾಗಿ ಮಾತ್ರ.

ಬಳಕೆಯಲ್ಲಿರುವ ಮಾತು ಸಿಕ್ಕಿದ ಕಡೆ ನಾನು ಅದನ್ನೇ ಹಿಡಿದಿದ್ದೇನೆ. ಪ್ರವಾಸದ ಪುಸ್ತಕಗಳ ‘ಕಂದಕ’ವನ್ನು ಬಿಟ್ಟು ‘ಅಗಳು’ ಎಂದು ಬರೆದಿದ್ದೇನೆ, ಏಕೆಂದರೆ ಅಡಕೆ ತೋಟದ ಸುತ್ತ ಅಗಳು ತೆಗೆಯುವುದನ್ನು ಇಲ್ಲಿನ ಮಕ್ಕಳು ಕಣ್ಣಾರೆ ಕಂಡಿರುತ್ತಾರೆ. ‘ಲ್ಯಾಟರೈಟ್’ ಎನ್ನದೆ ಮುರಕಲ್ಲು ಎಂದೇ ಉಳಿಸಿಕೊಂಡಿದ್ದೇನೆ. ಸ್ಕಾಟ್ಲೆಂಡಿನ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪ್ಪುರದಲ್ಲಿ ನೋಡಿ ಹೆಸರಿಟ್ಟ ಆ ಪದವೂ ಲ್ಯಾಟಿನಿನಲ್ಲಿ ‘ಇಟ್ಟಿಗೆ’ ಎಂಬುದರಿಂದಲೇ ಬಂದಿದೆ. ನಡುವಿನ ಕಟ್ಟಡಕ್ಕೆ ಮಾತ್ರ ಹೀಗೆ ಮನೆಬಾಗಿಲಿನ ಪದ ಸಿಗಲಿಲ್ಲ. ಸದ್ಯಕ್ಕೆ ‘ನಡುಬುರುಜು’ ಎಂದು ಬರೆದಿಟ್ಟಿದ್ದೇನೆ.

ನನ್ನ ಪ್ರಶ್ನೆಗಳು ಹೆಚ್ಚೇನೂ ಇಲ್ಲ. ಕೆಳದಿಯ ಅರಸರ ನಾಡಾದ ಸಾಗರ, ಹೊಸನಗರಗಳ ಕಡೆಯ ಹಿರಿಯರು, ವಿಶೇಷವಾಗಿ ಬಿದನೂರು ನಗರದ ಕೋಟೆಯ ಸುತ್ತಲಿನವರು, ಕೋಟೆಯೊಳಗಿನ ಎತ್ತರದ ಕಾವಲುನೆಲೆಯನ್ನು ಮಾತಿನಲ್ಲಿ ಏನೆನ್ನುತ್ತಾರೆ? ಬುರುಜು ಅವರ ಬಾಯಲ್ಲಿದೆಯೇ, ಅಥವಾ ಅದು ಬಯಲುಸೀಮೆಯ ಮಾತೆಂದು ಅನಿಸುತ್ತದೆಯೇ? ಬತ್ತೇರಿ ನಮಗೆ ಪೋರ್ಚುಗೀಸರಿಂದ ಬಂತೇ, ಇಂಗ್ಲಿಷರಿಂದ ಬಂತೇ ಎಂಬುದಕ್ಕೆ ಹಳೆಯ ಕಡತಗಳ ಆಧಾರವನ್ನು ಬಲ್ಲವರು ತಿಳಿಸಿದರೆ ಅದನ್ನೂ ಅಡಿಟಿಪ್ಪಣಿಯಲ್ಲಿ ಸೇರಿಸಿಕೊಳ್ಳುತ್ತೇನೆ.